ನಾದಿನಿ ಕನ್ಸೋಲ್ ತಂದ ಮಳೆಗಾಲ

ಹೋದ ವಾರ ಹುಮನಾಬಾದಿನಲ್ಲಿ ಬಸ್ಸಿಳಿಯುವಷ್ಟರಲ್ಲಿ ಮಳೆ ಹಿಡಿದುಕೊಂಡಿತು. ಕೊಡೆ ಮನೆಯಲ್ಲೇ ಬಿಟ್ಟು ಬಂದಿದ್ದೆ. ಸೆರಗು ತಲೆ ಮೇಲೆ ಹೊದ್ದು ಎದುರಿಗಿದ್ದ ಟಿವಿ, ಫ್ರಿಜ್ಜು ಮಾರುವ ಅಂಗಡಿಯೊಳಗೆ ನುಗ್ಗಿದೆ. ಗೋಡೆಯಷ್ಟು ದೊಡ್ಡ ಟಿವಿಯೊಂದರಲ್ಲಿ ಕಾರ್ ರೇಸಿನ ಆಟ ಹಚ್ಚಿಟ್ಟಿದ್ದರು. ಆಡುವವರು ಯಾರೂ ಇರಲಿಲ್ಲ. ಕೆಂಪು ಕಾರೊಂದು ತನ್ನಷ್ಟಕ್ಕೆ ತಾನೇ ಓಡುತ್ತಿತ್ತು. ಅಲ್ಲಿಯೂ ಮಳೆ. ಗಾಜಿನ ಮೇಲೆ ಬಿದ್ದ ಹನಿಗಳು ಗಾಳಿಗೆ ಓರೆಯಾಗಿ ಸರಿದು ಅಂಚಿಗೆ ಹೋಗಿ ಸೇರುತ್ತಿದ್ದವು.

"ಏನ್ ಬೇಕ್ರಿ ಮೇಡಂ?" ಎಂದ ಅಂಗಡಿಯವನು.

"ಏನಿಲ್ಲ. ಮಳಿ ನಿಂದ್ರಲಿ, ಹೋಗತೀನಿ."

"ನಿಂದರ್ರಿ, ನಿಂದರ್ರಿ" ಎಂದು ಅವನು ತನ್ನ ಫೋನಿಗೆ ಮರಳಿದ.

ಯಂತ್ರ ಕಾದು ಅದರ ಧೂಳು ಸುಟ್ಟ ವಾಸನೆ, ನನ್ನ ಒದ್ದೆ ಸೀರೆಯ ವಾಸನೆ, ಎರಡೂ ಕೂಡಿ ಮೂಗಿಗೆ ಬಂದದ್ದೇ ತಡ, ನಾನು ಬಸವಕಲ್ಯಾಣದ ನಮ್ಮ ಮನೆಯ ಪಡಸಾಲೆಯಲ್ಲಿದ್ದೆ. ಹಗ್ಗದ ಮೇಲೆ ಒಣಗಲಾರದ ಬಟ್ಟೆಗಳು, ಕೆಳಗೆ ಚಾಪೆ, ಚಾಪೆಯ ಮೇಲೆ ನಾನು ಮತ್ತು ನನ್ನ ನಾದಿನಿ ಭಾರತಿ, ನಮ್ಮಿಬ್ಬರ ಬೆನ್ನ ಹಿಂದೆ ಕುರ್ಚಿಯಲ್ಲಿ ಅತ್ತೆ.

ಅದು ಎರಡು ವರ್ಷದ ಹಿಂದಿನ ಮಳೆಗಾಲ. ನಾನು ಬಸವಕಲ್ಯಾಣದ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮವರದು ಔಷಧದ ಅಂಗಡಿ; ಬೆಳಿಗ್ಗೆ ಹೋದರೆ ಊಟಕ್ಕೊಮ್ಮೆ ಬಂದು ಹೋಗುತ್ತಾರೆ. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಜೂನಿನ ಮಿರಗಾ ಮಳೆ ಆಗಷ್ಟೇ ಶುರುವಾಗಿತ್ತು. ಒಂದು ಮಧ್ಯಾಹ್ನ ಮನೆ ಮುಂದೆ ಆಟೋ ನಿಂತು ನಮ್ಮವರ ತಂಗಿ ಭಾರತಿ ಇಳಿದಳು. ಕೈಯಲ್ಲಿ ಬಟ್ಟೆಯ ಬ್ಯಾಗು, ಬಗಲಲ್ಲಿ ಚಾದರದಿಂದ ಸುತ್ತಿದ ಒಂದು ಪೆಟ್ಟಿಗೆ. ಬ್ಯಾಗು ಮಳೆಯಲ್ಲಿ ತೊಯ್ದಿತ್ತು. ಪೆಟ್ಟಿಗೆಯನ್ನು ಮಾತ್ರ ಹಸುಗೂಸಿನ ಹಾಗೆ ಸೆರಗಿನಿಂದ ಮುಚ್ಚಿಕೊಂಡು ತಂದಿದ್ದಳು.

ಅವಳನ್ನು ಹಳ್ಳಿಖೇಡದ ಕಡೆ ಕಬ್ಬು ಬೆಳೆಯುವ ಮನೆತನಕ್ಕೆ ಕೊಟ್ಟು ಮೂರು ವರ್ಷವಾಗಿತ್ತು. ಎರಡು ಟ್ರ್ಯಾಕ್ಟರ್, ದೊಡ್ಡ ಮನೆ, ಗಟ್ಟಿ ಮಂದಿ. ಸಂಬಂಧ ಹಚ್ಚಿದವರು ಅತ್ತೆಯ ತಮ್ಮ ಶಂಕರೆಪ್ಪ ಮಾಮಾ. ಮನ್ನಾಏಖೇಳ್ಳಿಯಲ್ಲಿ ಗೊಬ್ಬರದ ಅಂಗಡಿ ಇಟ್ಟವರು, ನಾಲ್ಕು ಊರಿಗೆ ಬೇಕಾದವರು.

"ಯಾಕವ್ವಾ, ಫೋನ್ ಮಾಡಲಾರದ ಬಂದಿ?" ಎಂದರು ಅತ್ತೆ.

"ಪಂಚಮಿಗಿ ಬಂದೀನಿ" ಎಂದಳು ಭಾರತಿ.

ಪಂಚಮಿಗೆ ಇನ್ನೂ ಎರಡು ತಿಂಗಳಿತ್ತು. ಅತ್ತೆ ನನ್ನ ಮುಖ ನೋಡಿದರು. ನಾನು ಟವೆಲ್ ತರಲು ಒಳಗೆ ಹೋದೆ.

ಆ ಪೆಟ್ಟಿಗೆ ಆಟದ ಕನ್ಸೋಲ್ ಎಂದು ನನಗೆ ತಿಳಿದದ್ದು ಮರುದಿನ. ಮದುವೆಗೆ ಮೊದಲು ಅವಳು ಊರಲ್ಲೇ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕಲಿಸುತ್ತಿದ್ದಳು. ಆಗ ತನ್ನ ಪಗಾರದಲ್ಲಿ ಕೊಂಡದ್ದು. ಗಂಡನ ಮನೆಯಲ್ಲಿ ಬಹಳ ದಿನ ಅದು ಕಪಾಟಿನ ಮೇಲೆ ಕೂತಿತ್ತಂತೆ; ಆಮೇಲೆ ಇಳಿಸಿ ಆಡತೊಡಗಿದ್ದಳಂತೆ. ಈಗ ನಮ್ಮ ಪಡಸಾಲೆಯ ಟಿವಿಗೆ ಅದನ್ನು ಜೋಡಿಸಿದಳು. ನಾವು ಕೆಲಸಕ್ಕೆ ಹೋದ ಮೇಲೆ, ಅತ್ತೆ ಪೂಜೆ ಊಟ ಮುಗಿಸಿ ಅಡ್ಡಾದ ಮೇಲೆ ಆಡುತ್ತಿದ್ದಳು. ನಾವು ಬರುವಷ್ಟರಲ್ಲಿ ಎಲ್ಲ ಸುತ್ತಿಟ್ಟು ಕಾಳು ಆರಿಸುತ್ತ ಕೂತಿರುತ್ತಿದ್ದಳು. ಮಾತು ಅಂದರೆ "ಹೂಂ", "ಬ್ಯಾಡ್ರಿ", "ಹಸಿವಿಲ್ಲ". ಮದುವೆಗೆ ಮುಂಚೆ ಇದೇ ಮನೆಯಲ್ಲಿ ಬಾಯಿ ಮುಚ್ಚು ಎಂದು ಬೈಸಿಕೊಳ್ಳುತ್ತಿದ್ದ ಹುಡುಗಿ.

ಒಂದು ದಿನ ಮಳೆ ಜೋರಾಗಿ ಶಾಲೆ ಮಧ್ಯಾಹ್ನಕ್ಕೇ ಬಿಟ್ಟಿತು. ಮನೆ ಬಾಗಿಲಿಗೆ ಬಂದಾಗ ಒಳಗಿನಿಂದ ಒಂದು ದನಿ ಕೇಳಿಸಿತು. ಗಟ್ಟಿಯಾದ, ಅವಸರವಿಲ್ಲದ ದನಿ.

"ಶಬಾನಾ, ಸೀಧಾ ನಕ್ಕೋ ಜಾ. ದೀವಾರ್ ಕೇ ಪೀಛೇ ದೋ ಜನೇ ಹೈಂ. ಪಹಲೇ ಮೈಂ ಜಾತೂಂ, ತೂ ಬಾದ್ ಮೇ ಆ."

ನೆಟ್ಟಗೆ ಹೋಗಬೇಡ, ಗೋಡೆಯ ಹಿಂದೆ ಇಬ್ಬರಿದ್ದಾರೆ, ಮೊದಲು ನಾನು ಹೋಗುತ್ತೇನೆ, ನೀನು ಆಮೇಲೆ ಬಾ ಎಂದು ಯಾರೋ ಯಾರಿಗೋ ಹೇಳುತ್ತಿದ್ದರು. ಬೇರೆ ಯಾರೋ ಬಂದಿದ್ದಾರೆ ಎಂದುಕೊಂಡು ಬಾಗಿಲು ದೂಡಿದೆ. ತಲೆಗೆ ಹೆಡ್‌ಫೋನ್ ಹಾಕಿಕೊಂಡು ಭಾರತಿ ಕೂತಿದ್ದಳು. ನನ್ನನ್ನು ನೋಡಿದವಳೇ ಹೆಡ್‌ಫೋನ್ ತೆಗೆದು, ಟಿವಿ ಬಂದ್ ಮಾಡಲು ಎದ್ದಳು.

"ಇರಲಿ, ಆಡು. ಶಬಾನಾ ಯಾರು?"

"ಜಹೀರಾಬಾದದಾಕಿರಿ ವೈನಿ. ನಾ ಒಮ್ಮೆನೂ ನೋಡಿಲ್ಲ. ಕೂಸಿಗಿ ಮಲಗಿಸಿ ಆಡಾಕ ಬರತಾಳ."

ವೈನಿ ಎಂದರೆ ನಮ್ಮ ಕಡೆ ಅತ್ತಿಗೆ. ನಾನು ಒದ್ದೆ ಚಪ್ಪಲಿ ಬಿಟ್ಟು ಅವಳ ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತು ನೋಡಿದೆ. ಆಟ ಮುಗಿದಾಗ ಅವಳು ಎದ್ದು ಚಾದರದೊಳಗಿಂದ ಇನ್ನೊಂದು ಕಂಟ್ರೋಲರ್ ತೆಗೆದು ನನ್ನ ಕೈಗಿಟ್ಟಳು.

ನಾನು ಅಲ್ಲಿಯವರೆಗೆ ಆಡಿದ ವಿಡಿಯೋ ಗೇಮ್ ಎಂದರೆ ಹಳೆಯ ಫೋನಿನಲ್ಲಿ ಹಾವು ಬೆಳೆಸುವುದು, ಆಮೇಲೆ ಬಣ್ಣದ ಮಿಠಾಯಿ ಜೋಡಿಸುವುದು. ಈ ಹೊಸ ಆಟಗಳಲ್ಲಿ ಕಂಟ್ರೋಲರಿನ ಮೇಲೆ ನಡೆಯುವುದಕ್ಕೊಂದು ಕಡ್ಡಿ, ನೋಡುವುದಕ್ಕೊಂದು ಕಡ್ಡಿ. ಹುಟ್ಟಿದಾಗಿನಿಂದ ಎರಡನ್ನೂ ಕೂಡಿಯೇ ಮಾಡಿಕೊಂಡು ಬಂದವಳಿಗೆ ಬೇರೆಬೇರೆಯಾಗಿ ಮಾಡು ಎಂದರೆ ಕೈ ಬರಲಿಲ್ಲ. ಸುತ್ತ ಗುಂಡು ಹಾರುತ್ತಿರುವಾಗ ನಾನು ಆಕಾಶ ನೋಡುತ್ತ ಹಿಂದಕ್ಕೆ ನಡೆಯುತ್ತಿದ್ದೆ. ಭಾರತಿ ನಕ್ಕಳು. ಅವಳು ಬಂದ ಮೇಲೆ ಮೊದಲ ಸಲ ನಕ್ಕದ್ದು ಅಂದೇ.

"ನಿಮಗ ಮೊದಲ ಗಾಡಿ ಕಲಸ್ತೀನಿ" ಎಂದಳು.

ಗಾಡಿಯ ಆಟ ನನಗೆ ಕೂಡಲೇ ಹಿಡಿಸಿತು. ಯಾವುದೋ ಪರದೇಶ. ಗುಡ್ಡ, ದ್ರಾಕ್ಷಿ ತೋಟ, ಸಮುದ್ರದ ದಂಡೆ, ಎಲ್ಲ ಕಡೆಗೂ ಹೋಗುವ ರಸ್ತೆ. ರಸ್ತೆಯ ಮೇಲೇ ಬಾಣದ ಗುರುತು ಬೀಳುತ್ತದೆ: ನೀಲಿ ಇದ್ದರೆ ಬಿಡು, ಕೆಂಪಾದರೆ ಬ್ರೇಕ್ ಒತ್ತು. ಡಾಂಬರು ಬಿಟ್ಟು ಮಣ್ಣಿಗೆ ಇಳಿದರೆ ಅಂಗೈಯಲ್ಲಿ ಕಂಟ್ರೋಲರ್ ಗಡಗಡ ನಡುಗುತ್ತದೆ. ಮಳೆ ಬಂದರೆ ರಸ್ತೆ ಕನ್ನಡಿಯಾಗಿ ಎದುರಿನ ಗಾಡಿಯ ಕೆಂಪು ದೀಪ ಉದ್ದಕ್ಕೆ ಹರಿಯುತ್ತದೆ. ಇಷ್ಟು ಖರೇ ಕಾಣುವ ಹಾಗೆ ಮಾಡಿದ ಮಂದಿ ಎಷ್ಟು ಮಳೆಯಲ್ಲಿ ನಿಂತು ನೋಡಿರಬೇಕು ಎಂದು ನನಗೆ ಅನ್ನಿಸುತ್ತಿತ್ತು. ಎಲ್ಲಕ್ಕಿಂತ ನನಗೆ ಸೇರಿದ್ದು ಕಂಟ್ರೋಲರಿನ ಒಂದು ಗುಂಡಿ. ತಿರುವಿನಲ್ಲಿ ತಪ್ಪಿ ಗಿಡಕ್ಕೆ ಗುದ್ದಿದಿರಿ ಅನ್ನಿ, ಅದನ್ನು ಒತ್ತಿದರೆ ಹೊತ್ತು ಹಿಂದಕ್ಕೆ ಸರಿಯುತ್ತದೆ. ಮುರಿದ ಬಂಪರ್ ಕೂಡುತ್ತದೆ, ಗಾಜು ಜೋಡಿಕೊಳ್ಳುತ್ತದೆ, ಗಾಡಿ ಹಿಮ್ಮುಖವಾಗಿ ಹೋಗಿ ತಿರುವಿನ ಆಚೆ ನಿಲ್ಲುತ್ತದೆ. ಮತ್ತೆ ಬಾ, ಈ ಸಲ ಸರಿಯಾಗಿ ಬಾ. ನಾನು ಪ್ರತಿ ತಿರುವಿಗೂ ಅದನ್ನು ಒತ್ತುತ್ತಿದ್ದೆ.

"ವೈನಿ, ಅದು ಅಷ್ಟು ಸಲ ಒತ್ತೂದಲ್ರಿ" ಎನ್ನುವಳು ಭಾರತಿ.

"ಕೊಟ್ಟಾರ ಅಂದ್ರ ಒತ್ತಾಕ ಕೊಟ್ಟಾರ" ಎಂದೆ.

ಇನ್ನೊಂದು ರೇಸಿನ ಆಟವೂ ಇತ್ತು. ಅದರಲ್ಲಿ ಆ ಗುಂಡಿ ಇಲ್ಲ. ಒಂದೇ ದುಂಡನೆಯ ರಸ್ತೆಯನ್ನು ಸುತ್ತುತ್ತ ಇರಬೇಕು. ಟಯರು ಸವೆಯುತ್ತದೆ, ಎಣ್ಣೆ ಕಡಿಮೆಯಾಗುತ್ತದೆ. ಭಾರತಿಗೆ ಅದು ಬಹಳ ಸೇರುತ್ತಿತ್ತು. ಹಿಂದಿನ ಸುತ್ತಿನಲ್ಲಿ ನಾವು ಹೋದ ಗಾಡಿಯೇ ತೆಳ್ಳಗೆ, ಹೊಗೆಯ ಹಾಗೆ ಮುಂದೆ ಓಡುತ್ತಿರುತ್ತದೆ. ಅದನ್ನು ಹಿಂದೆ ಹಾಕಬೇಕು. ನನಗೆ ಅದು ಬ್ಯಾಸರ. ಒಂದೇ ಪಾಠವನ್ನು ಐದು ವಿಭಾಗಕ್ಕೆ ಕಲಿಸುವವಳಿಗೆ ಒಂದೇ ರಸ್ತೆ ಸುತ್ತುವುದರಲ್ಲಿ ಏನು ಹೊಸತು?

ಆ ಆಷಾಢದಲ್ಲಿ ಮಳೆ ಬಿಡಲೇ ಇಲ್ಲ. ಹೊಲದಲ್ಲಿ ಹೆಸರು, ಉದ್ದು, ಸೋಯಾ ನೀರಲ್ಲಿ ನಿಂತವು. ಶಾಲೆಗೆ ರಜೆಯ ಮೇಲೆ ರಜೆ. ನಾವಿಬ್ಬರೂ ಆಡುತ್ತ ಕೂತರೆ ಅತ್ತೆ ಮೊದಮೊದಲು ಮುಖ ತಿರುಗಿಸಿಕೊಂಡು ಒಳಗೆ ಹೋಗುತ್ತಿದ್ದರು. ಆಮೇಲೆ ಒಂದು ದಿನ, ಕರೆಂಟ್ ಹೋಗಿ ಬಂದ ಹೊತ್ತಿಗೆ, ಹಣೆಯ ಮೇಲಿನ ವಿಭೂತಿ ಸರಿಮಾಡಿಕೊಳ್ಳುತ್ತ ನಮ್ಮ ಹಿಂದೆ ಬಂದು ನಿಂತರು.

"ಅದೇನದು, ನೀಲಿ?"

"ಸಮುದ್ರರಿ ಅತ್ತಿ" ಎಂದೆ.

"ಜರಾ ನಿಂದರಿಸು."

ರೇಸು ನಡೆದಿತ್ತು. ನಿಲ್ಲಿಸಿದೆ. ಹಿಂದಿನ ಗಾಡಿಗಳು ಭರ್ ಎಂದು ಮುಂದೆ ಹೋದವು. ಅತ್ತೆ ಕುರ್ಚಿ ಎಳೆದುಕೊಂಡು ಕೂತರು. ತೆರೆ ಬಂದು ಮರಳಿಗೆ ಬಡಿದು ಹೋಗುವುದನ್ನು ನೋಡಿದರು.

"ಎಲ್ಲಾರೂ ಮುಂದ ಹೋದ್ರಲ್ಲ?"

"ಹೋದ್ರು."

"ಹೋಗಲಿ. ಇನ್ನ ನಾವು ಆರಾಮ ಹೋಗೂಣು."

ಅವತ್ತಿನಿಂದ ಮಧ್ಯಾಹ್ನದ ಊಟವಾದ ಮೇಲೆ ಅತ್ತೆಗೆ ಊರು ತೋರಿಸುವುದು ನನ್ನ ಕೆಲಸವಾಯಿತು. ನೂರಾರು ಮೈಲಿ ವೇಗದಲ್ಲಿ ಓಡಬೇಕಾದ ಗಾಡಿಯನ್ನು ನಾನು ಎತ್ತಿನ ಗಾಡಿಯ ಹಾಗೆ ಓಡಿಸಿದೆ. "ಆ ಹೂವಿನ ಗಿಡದ ಕಡಿ ಹೋಗು", "ಆ ಗುಡ್ಡದ ಆಚಿ ಏನದ ನೋಡೂಣು" ಎನ್ನುವರು. ಹಿಮ ಬಿದ್ದ ಬೆಟ್ಟ ಕಂಡು ಸೆರಗು ಹೊದ್ದುಕೊಂಡರು. ಒಂದು ದಿನ ಬಹಳ ಹೊತ್ತು ನೋಡಿ ಕೇಳಿದರು:

"ಇಷ್ಟು ಚಂದ ರಸ್ತಾ, ಇಷ್ಟು ಚಂದ ಮನಿ. ಮಂದಿ ಎಲ್ಲಿ ಹೋಗ್ಯಾರ?"

ನಾನು ಅಲ್ಲಿಯವರೆಗೆ ಗಮನಿಸಿರಲಿಲ್ಲ. ಹೊಲದಲ್ಲಿ ಒಬ್ಬರೂ ಇಲ್ಲ. ಕಟ್ಟೆಯ ಮೇಲೆ ಕೂತವರಿಲ್ಲ. ಬಟ್ಟೆ ಒಣಹಾಕಿದವರಿಲ್ಲ. ಬೇಲಿಗೆ ಗುದ್ದಿದರೆ ಮುರಿಯುತ್ತದೆ; ಯಾಕೆ ಮುರಿದಿ ಎಂದು ಕೇಳಲು ಯಾರೂ ಬರುವುದಿಲ್ಲ.

"ಆಟದಾಗ ಮಂದಿ ಇದ್ರ ಗಾಡಿ ಓಡಸಾಕ ಆಗಂಗಿಲ್ಲವ್ವಾ" ಎಂದಳು ಭಾರತಿ.

"ನಮ್ಮ ಊರಾಗ ಓಡಸ್ತಾರಲ್ಲ" ಎಂದರು ಅತ್ತೆ.

ಪಂಚಮಿ ಬಂತು. ಉಂಡಿ ಕಟ್ಟಿದೆವು, ಅಳ್ಳು ಹುರಿದೆವು. ಓಣಿಯ ಹೆಣ್ಣುಮಕ್ಕಳು ತವರಿಗೆ ಬಂದರು, ನಾಲ್ಕು ದಿನ ಇದ್ದು ಹೋದರು. ಭಾರತಿ ಹೋಗಲಿಲ್ಲ. ಆ ಕಡೆಯಿಂದ ಕರೆಯಲು ಯಾರೂ ಬರಲೂ ಇಲ್ಲ. ಅವಳ ಗಂಡ ನಮ್ಮ ಶಂಕರೆಪ್ಪ ಮಾಮಾನಿಗೆ ಫೋನ್ ಮಾಡಿ, "ಆಟದ ಹುಚ್ಚು ಬಿಟ್ಟ ದಿನ ಬರಲಿ" ಅಂದಿದ್ದನಂತೆ. ಮಾಮಾ ಅದನ್ನು ಅತ್ತೆಗೆ ಹೇಳಿದರು. ಅತ್ತೆ ಅಂದಿನಿಂದ ನಮ್ಮ ಹಿಂದೆ ಬಂದು ಕೂರುವುದನ್ನು ಬಿಟ್ಟರು. "ಒಂದು ಪೆಟ್ಟಿಗಿ ಸಲುವಾಗಿ ಸಂಸಾರ ಕೆಡಸ್ಕೊಬ್ಯಾಡ" ಎಂದು ಮಗಳಿಗೆ ದಿನಾ ಒಂದು ಸಲ ಹೇಳುತ್ತಿದ್ದರು. ಭಾರತಿ ಕೇಳಿಸಿಕೊಳ್ಳುತ್ತ ಕಾಳು ಆರಿಸುತ್ತಿದ್ದಳು.

ಅದೇ ದಿನಗಳಲ್ಲಿ ನಾನು ಬಂದೂಕಿನ ಆಟಕ್ಕೂ ಬಂದೆ; ಟಿವಿಯ ಅರ್ಧ ಅವಳಿಗೆ, ಅರ್ಧ ನನಗೆ. ಅದರಲ್ಲಿ ನೂರು ಮಂದಿ ವಿಮಾನದಿಂದ ಒಂದು ದ್ವೀಪಕ್ಕೆ ಜಿಗಿಯುತ್ತಾರೆ. ದ್ವೀಪದ ಸುತ್ತ ಎಳೆದ ಗೆರೆ ಬರಬರುತ್ತ ಸಣ್ಣದಾಗುತ್ತದೆ. ಅದರೊಳಗೆ ಕೊನೆಗೆ ಉಳಿದವರು ಗೆದ್ದ ಹಾಗೆ. ಕಿವಿಯೇ ಅಲ್ಲಿ ಕಣ್ಣು. ಮಾಳಿಗೆಯ ಮೇಲೆ ಯಾರೋ ನಡೆದರೆ ಮೇಲಿಂದ, ಹುಲ್ಲಿನಲ್ಲಿ ಸರಿದರೆ ಎಡಕ್ಕೋ ಬಲಕ್ಕೋ, ಹೆಡ್‌ಫೋನಿನಲ್ಲಿ ಅಷ್ಟು ಸ್ಪಷ್ಟ ಕೇಳುತ್ತದೆ. ಇದೊಂದು ವಿಚಿತ್ರ ಲೋಕ. ಬಂದೂಕಿಗೆ ಗುಲಾಬಿ ಬಣ್ಣ ಬಳಿದು ಹೂ ಬರೆದಿರುತ್ತಾರೆ. ವೇಷಗಳನ್ನು ಮಾರುತ್ತಾರೆ. ಮೊಲದ ವೇಷ ಹಾಕಿದವನೊಬ್ಬ ನನ್ನನ್ನು ಕೊಂದು, ನನ್ನ ಹೆಣದ ಮುಂದೆ ಸೊಂಟ ತಿರುಗಿಸಿ ಕುಣಿದು ಹೋದ. ನನಗೆ ಸಿಟ್ಟು ಬರಲಿಲ್ಲ, ನಗು ಬಂತು.

ಸೈನಿಕರ ಕಥೆಯ ಇನ್ನೊಂದು ಆಟವನ್ನು ಮಾತ್ರ ನಾನು ಅರ್ಧಕ್ಕೇ ಬಿಟ್ಟೆ. ಯುದ್ಧವಾದ ಊರಿನಲ್ಲಿ ಮನೆಮನೆಯ ಬಾಗಿಲು ಒದ್ದು ಒಳಗೆ ಹೋಗಬೇಕು. ಒಂದು ಮನೆಯ ಅಡುಗೆಕೋಣೆಯಲ್ಲಿ ಒಲೆಯ ಮೇಲೆ ಪಾತ್ರೆ ಇತ್ತು, ಗೋಡೆಗೆ ಚಿಕ್ಕ ಅಂಗಿಯೊಂದು ನೇತಾಡುತ್ತಿತ್ತು. ನೋಡುತ್ತ ನಿಂತೆ. ಯಾರೋ ಹಿಂದಿನಿಂದ ಹೊಡೆದರು. ಮತ್ತೆ ಅದೇ ಮನೆ, ಅದೇ ಬಾಗಿಲು. "ಇದು ಬ್ಯಾಡವ್ವಾ" ಎಂದೆ. ಭಾರತಿ, "ನನಗೂ ಸೇರಂಗಿಲ್ರಿ" ಎಂದು ಅದನ್ನು ತೆಗೆದೇ ಹಾಕಿದಳು. ಇಷ್ಟು ಚೆಲುವಾಗಿ, ಇಷ್ಟು ನಿಜವಾಗಿ ಮಾಡಿದ್ದಕ್ಕೇ ಅದು ಆಡಲು ಆಗದ ಆಟವಾಯಿತು.

ದ್ವೀಪದ ಆಟದಲ್ಲಿ ಸೇರಿದ್ದು ಬೇರೆಯೇ ಸಂಗತಿ. ಗುಂಡು ಬಿದ್ದ ಕೂಡಲೇ ಅಲ್ಲಿ ಸಾಯುವುದಿಲ್ಲ; ಮೊಣಕಾಲೂರಿ ತೆವಳುತ್ತೇವೆ. ಜೊತೆಯವರು ಬಂದು ಪಕ್ಕದಲ್ಲಿ ಕೂತು ಕೈ ಹಚ್ಚಿದರೆ ಮತ್ತೆ ಏಳಬಹುದು. ನಾನು ಪ್ರತಿ ಸಲ ಬೀಳುತ್ತಿದ್ದೆ, ಭಾರತಿ ಪ್ರತಿ ಸಲ ಬರುತ್ತಿದ್ದಳು. ಎಷ್ಟೇ ಗುಂಡು ಹಾರುತ್ತಿರಲಿ, ಬಂದು ಕೂತು, "ಅಲಗಾಡಬ್ಯಾಡ ವೈನಿ, ಎಬ್ಬಸ್ತೀನಿ" ಎನ್ನುವಳು. ಮನೆಯಲ್ಲಿ ನನ್ನೊಂದಿಗೆ ಮಾತಿಗೆ ಮಾತಿಗೆ 'ರಿ' ಹಚ್ಚುವವಳು ಆಟದೊಳಗೆ 'ನೀ' ಅನ್ನುತ್ತಿದ್ದಳು. ಅದು ಅವಳಿಗೂ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ.

ಬೇರೆ ಮಂದಿ ಜೊತೆಗೆ ಬಿದ್ದರೆ ಅವಳು ಮೈಕ್ ಬಂದ್ ಮಾಡುತ್ತಿದ್ದಳು. ಹೆಣ್ಣು ದನಿ ಕೇಳಿದರೆ ಸಾಕು, ರೊಟ್ಟಿ ಬಡಿ ಹೋಗು ಎನ್ನುವವರು, ನಂಬರ್ ಕೇಳುವವರು, ಬೈಯುವವರು. ಶಬಾನಾ ಸಿಕ್ಕದ್ದೂ ಹಾಗೆಯೇ ಅಂತೆ. ಇಬ್ಬರೂ ಮೈಕ್ ಬಂದ್ ಮಾಡಿಕೊಂಡು ಒಂದೇ ಮರದ ಹಿಂದೆ ಅಡಗಿದ್ದರಂತೆ.

ಗಣಪತಿ ಹಬ್ಬಕ್ಕೆ ಇನ್ನೂ ನಾಲ್ಕಾರು ದಿನವಿತ್ತು. ಶನಿವಾರ, ಅರ್ಧ ದಿನದ ಶಾಲೆ. ಆಟ ಶುರುವಾಗಲು ಕಾಯುತ್ತಿದ್ದೆವು. ನನ್ನ ಬೆರಳು ಕಂಟ್ರೋಲರಿನ ಮೇಲೆ ಸರಿಯಾಗಿ ಕೂರುತ್ತಿರಲಿಲ್ಲ. ಅವಳು ಹೇಗೆ ಹಿಡಿದಿದ್ದಾಳೆ ಎಂದು ನೋಡಿದೆ. ಎಡಗೈಯ ಉಂಗುರದ ಬೆರಳು ನೆಟ್ಟಗೆ ಹೊರಗೆ ಚಾಚಿತ್ತು.

"ಈ ಬೆರಳ ಮಡಚಂಗಿಲ್ಲೇನು?"

"ಇಲ್ರಿ ವೈನಿ. ಬಾಗಲ ಸಂದ್ಯಾಗ ಸಿಕ್ಕಿತ್ತು."

"ಬಾಗಲ ಯಾರು ಹಾಕಿದ್ರು?"

ಅಷ್ಟರಲ್ಲಿ ಆಟ ಶುರುವಾಯಿತು. ವಿಮಾನ ದ್ವೀಪದ ಮೇಲೆ ಬಂತು. ಅವಳು ಜಿಗಿದಳು, ನಾನೂ ಜಿಗಿದೆ. ಕೆಳಗೆ ಹಸಿರು, ನದಿ, ಕೆಂಪು ಹಂಚಿನ ಮನೆಗಳು. ನೆಲಕ್ಕೆ ಕಾಲು ತಾಕಿದ ಮೇಲೆ ಅವಳು ಹೇಳಿದಳು:

"ಅವರೇ ಹಾಕಿದ್ರು."

ನಾನು ಅವಳ ಕಡೆ ತಿರುಗಿದೆ. ಅವಳ ಕಣ್ಣು ಟಿವಿಯ ಮೇಲೇ ಇತ್ತು.

"ಮ್ಯಾಲಿನ ಮನಿಗಿ ಹೋಗು ವೈನಿ. ಅಲ್ಲಿ ಬಂದೂಕ ಸಿಗತದ."

ಆ ಆಟದಲ್ಲಿ ನಾನು ಏನು ಮಾಡಿದೆನೋ ನೆನಪಿಲ್ಲ. ಮುಗಿದ ಮೇಲೆ ಕಂಟ್ರೋಲರ್ ಕೆಳಗಿಟ್ಟು, ನಿಮ್ಮಣ್ಣನಿಗೆ ಇವತ್ತೇ ಹೇಳುತ್ತೇನೆ ಎಂದೆ. ಅವಳು ನನ್ನ ಕೈ ಹಿಡಿದಳು.

"ಬ್ಯಾಡ್ರಿ. ನೀವು ಹೇಳಿದ್ರ ಅದು ನಿಮ್ಮ ಮಾತಾಗತದ. ನಾನೇ ಹೇಳತೀನಿ. ಜರಾ ತಡೀರಿ."

ತಡೆದೆ. ಆ ತಡೆದ ದಿನಗಳು ಸುಲಭದವಾಗಿರಲಿಲ್ಲ. ಅವಳು ರೊಟ್ಟಿ ಬಡಿಯುವಾಗ ಆ ಬೆರಳು ಹಿಟ್ಟಿಗೆ ತಾಕದ ಹಾಗೆ ಕೈ ಓರೆ ಮಾಡುವುದು ಈಗ ಕಾಣುತ್ತಿತ್ತು. ಮೊದಲೂ ಹಾಗೇ ಮಾಡುತ್ತಿದ್ದಳು. ನಾವು ಮೂವರೂ ಅದೇ ರೊಟ್ಟಿ ತಿಂದಿದ್ದೆವು.

ಗಣಪತಿ ನೀರಿಗೆ ಹೋದ. ಮಳೆ ಹಗುರಾಯಿತು. ಓಣಿಯಲ್ಲಿ ಕೇಳುವವರು ಹೆಚ್ಚಾದರು: ಮಗಳು ಇನ್ನೂ ಇಲ್ಲೇ ಇದ್ದಾಳಲ್ಲ, ಏನಾದರೂ ವಿಶೇಷವೇನು ಎಂದು. ಅತ್ತೆ ಬಾಗಿಲ ಕಟ್ಟೆಗೆ ಕೂರುವುದನ್ನೇ ಬಿಟ್ಟರು. ಮಹಾನವಮಿಯೊಳಗೆ ಒಂದು ಫೈಸಲಾ ಆಗಬೇಕು ಎಂದು ಮಾಮಾ ಫೋನ್ ಮಾಡಿದರು. ಒಂದು ಭಾನುವಾರ ಬೆಳಿಗ್ಗೆ ಮನ್ನಾಏಖೇಳ್ಳಿಯಿಂದ ಅವರು, ಹಳ್ಳಿಖೇಡದ ಕಡೆಯಿಂದ ಭಾರತಿಯ ಭಾವ, ಅಂದರೆ ಗಂಡನ ಅಣ್ಣ, ಇಬ್ಬರೂ ಬಂದರು. ಗಂಡ ಬರಲಿಲ್ಲ.

ಪಡಸಾಲೆಯಲ್ಲಿ ಜಮಖಾನೆ ಹಾಸಿದೆವು. ನಮ್ಮವರು ಅಂಗಡಿಗೆ ಹೋಗದೆ ಕೂತರು. ಟಿವಿಯ ಕೆಳಗೆ ಕನ್ಸೋಲ್ ಇತ್ತು. ನಾನು ಸರಿಸಲು ಹೋದಾಗ ಭಾರತಿ, "ಇರಲಿ ಬಿಡ್ರಿ" ಎಂದಿದ್ದಳು. ಚಹಾ ನಾನು ತಂದೆ.

ಮಾಮಾ ಸಮಾಧಾನದ ಮನುಷ್ಯ. ಮಳೆ, ಸೋಯಾ, ಕಬ್ಬಿನ ಮಾತು ಆಡಿ ಆಮೇಲೆ ವಿಷಯಕ್ಕೆ ಬಂದರು.

"ದೊಡ್ಡ ಮಾತೇನಿಲ್ಲ. ಆ ಪೆಟ್ಟಿಗಿ ಇಲ್ಲೇ ಬಿಟ್ಟು ಹೋಗಲಿ. ಅವರೂ ಹಳೇದು ಮನಸಿನ್ಯಾಗ ಇಟ್ಕೊಳಂಗಿಲ್ಲ ಅಂದಾರ. ಇಷ್ಟ ಅದ."

"ನಮ್ಮ ಮನ್ಯಾಗ ಹೆಣ್ಣುಮಕ್ಕಳು ಬಂದೂಕ ಹಿಡದು ಆಡೂ ರೂಢಿ ಇಲ್ರಿ" ಎಂದ ಭಾವ. "ಒಳ್ಳೇ ಮಾತಿಲೆ ಹೇಳಿದ್ದಿವಿ. ಕೇಳಲಿಲ್ಲ."

ಭಾರತಿ ಒಳಗಿನಿಂದ ಬಂದು ಅತ್ತೆಯ ಪಕ್ಕದಲ್ಲಿ ಕೂತಳು. ಮಾತು ಶುರುಮಾಡಿದಾಗ ನನಗೆ ಆ ದನಿ ಗುರುತು ಸಿಕ್ಕಿತು. ಅವತ್ತು ಮಳೆಯಲ್ಲಿ ಬಾಗಿಲಾಚೆ ನಿಂತು ಕೇಳಿದ ದನಿ. ಗಟ್ಟಿ, ಅವಸರವಿಲ್ಲ.

"ಮಾಮಾ, ಆಟ ಬಿಡತೀನಿ. ಇವತ್ತೇ ಬಿಡತೀನಿ. ಪೆಟ್ಟಿಗಿ ನೀವೇ ಒಯ್ರಿ. ಆದ್ರ ನಾ ಅಲ್ಲಿ ಹೋಗಂಗಿಲ್ಲ."

ಮಾಮಾ ಚಹಾದ ಕಪ್ಪು ಕೆಳಗಿಟ್ಟರು. "ಹಂಗಂದ್ರ?"

ಅವಳು ಎಡಗೈಯನ್ನು ಜಮಖಾನೆಯ ಮೇಲೆ ಊರಿದಳು. "ಈ ಬೆರಳ ನೋಡ್ರಿ. ಬಾಗಲ ಹಾಕಿ ಮುರದಾರ. ದವಾಖಾನಿಗಿ ಹೋಗಾಕ ಬಿಡಲಿಲ್ಲ, ಹಂಗೇ ಕೂಡ್ತು."

"ಅದು ಅಕಸ್ಮಾತ್ ಆಗಿದ್ದು" ಎಂದ ಭಾವ. "ಎಲ್ಲಾರ ಮನ್ಯಾಗೂ ಆಗತದ."

"ಎರಡು ಸಲ ಹಾಕಿದ್ರು" ಎಂದಳು ಭಾರತಿ. "ಮೊದಲನೇದ್ದು ಅಕಸ್ಮಾತ್ ಅಂತ ನಾನೂ ಅನ್ಕೊಂಡಿದ್ದೆ. ಕೈ ತಕ್ಕೊಳ್ಳೂದ್ರಾಗ ಮತ್ತ ಹಾಕಿದ್ರು. ನನ್ನ ಮುಖ ನೋಡ್ಕೋತ ಹಾಕಿದ್ರು."

ನಮ್ಮವರು ತಲೆ ತಗ್ಗಿಸಿದರು. ಅವರ ಕಿವಿ ಕೆಂಪಾದದ್ದು ನನಗೆ ಕಂಡಿತು. ಅತ್ತೆ ಮಗಳ ಕೈಯನ್ನು ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಬೆರಳನ್ನು ಮೆಲ್ಲಗೆ ಮಡಚಲು ನೋಡಿದರು. ಮಡಚಲಿಲ್ಲ. ಇನ್ನೊಮ್ಮೆ ನೋಡಿದರು.

"ಈ ಕೈಲೆ ರೊಟ್ಟಿ ಹ್ಯಾಂಗ ಬಡೀತಿದ್ದಿ?" ಎಂದರು.

"ರೂಢಿ ಆಗ್ಯದವ್ವಾ."

ಅತ್ತೆ ಆ ಕೈ ಬಿಡಲಿಲ್ಲ. ಮಗಳ ಹಿಂದೆ ಕುರ್ಚಿಯಲ್ಲಿ ಕೂತು ಟಿವಿಯೊಳಗಿನ ಸಮುದ್ರ, ಗುಡ್ಡ ಎಲ್ಲ ನೋಡಿದ್ದರು. ಕಣ್ಣ ಮುಂದೆಯೇ ಇದ್ದ ಕೈ ಕಂಡಿರಲಿಲ್ಲ. ಆಮೇಲೆ ತಮ್ಮನ ಕಡೆ ತಿರುಗಿದರು. ದನಿ ಏರಿಸಲಿಲ್ಲ.

"ಶಂಕರಾ, ಅಡಗಿ ಆಗ್ಯದ. ಇಬ್ಬರೂ ಊಟ ಮಾಡಿ ಹೋಗ್ರಿ. ಮಗಳಿಗಿ ಕಳಸಂಗಿಲ್ಲ."

"ಅಕ್ಕಾ, ಜರಾ ವಿಚಾರ ಮಾಡು..."

"ಮಾಡೀನಿ."

ಭಾವ ಊಟಕ್ಕೆ ನಿಲ್ಲಲಿಲ್ಲ. ಮಾಮಾ ನಿಂತರು. ಅರ್ಧ ರೊಟ್ಟಿ ತಿಂದು ಕೈ ತೊಳೆದು, ಹೋಗುವಾಗ ಭಾರತಿಯ ತಲೆಯ ಮೇಲೆ ಕೈ ಇಟ್ಟರು. ಚಪ್ಪಲಿ ಮೆಟ್ಟಿಕೊಂಡರು. ಆಮೇಲೆ ವಕೀಲರ ಹತ್ತಿರ, ಕೋರ್ಟಿಗೆ, ಅವಳ ಜೊತೆ ಹೋದವರು ಅವರೇ. ತಾನು ಹಾಕಿದ ಗಂಟು, ತಾನೇ ಬಿಚ್ಚಬೇಕು ಎನ್ನುತ್ತಿದ್ದರು. ಬಹಳ ತಿರುಗಾಟವಾಯಿತು, ಆದರೂ ಎರಡೂ ಕಡೆ ಒಪ್ಪಿ ಬಿಡುಗಡೆಯಾಯಿತು.

ಆ ಭಾನುವಾರ ಅವರೆಲ್ಲ ಹೋದ ಮೇಲೆ ಭಾರತಿ ಪಡಸಾಲೆಯ ಚಾಪೆಯ ಮೇಲೆಯೇ ಮಲಗಿದಳು. ಸಂಜೆಯಾದರೂ ಏಳಲಿಲ್ಲ. ಅತ್ತೆ ಬಾಗಿಲ ಕಟ್ಟೆಗೆ ಹೋಗಿ ಕೂತರು. ಹಾಲಿನವನು ಬಂದರೆ, ಓಣಿಯವರು ಬಂದರೆ ಬಾಯಿಯ ಮೇಲೆ ಬೆರಳಿಟ್ಟು, "ಮಗಳು ಮಲಗ್ಯಾಳ" ಎಂದು ಹೊರಗಿನಿಂದಲೇ ಕಳಿಸಿದರು. ಟಿವಿ ಹಚ್ಚಲು ಬಿಡಲಿಲ್ಲ. ಕುಕ್ಕರ್ ಕೂಗಿಸಲು ಬಿಡಲಿಲ್ಲ. ನಾವು ಮಧ್ಯಾಹ್ನದ ತಣ್ಣನೆ ರೊಟ್ಟಿಯನ್ನೇ ತಿಂದೆವು. ಮಾರನೆಯ ದಿನ ಬಿಸಿಲು ಒಳಗೆ ಬಂದು ಮುಖದ ಮೇಲೆ ಬಿದ್ದಾಗ ಅವಳು ಎದ್ದಳು. ಎದ್ದವಳೇ ಹಸಿವೆ ಎಂದಳು.

ಚಳಿಗಾಲ ಮುಗಿಯುವ ಹೊತ್ತಿಗೆ ಅವಳಿಗೆ ಹುಮನಾಬಾದಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಕೆಲಸ ಸಿಕ್ಕಿತು. ದಿನಾ ಬಸ್ಸಿನಲ್ಲಿ ಹೋಗಿ ಬರುವುದು ಬೇಡವೆಂದು ಅಲ್ಲಿ ಎರಡು ಕೋಣೆಯ ಮನೆ ಹಿಡಿದಳು. ಸಾಮಾನು ಹಚ್ಚಿ ಕೊಟ್ಟು ಎಂಟು ದಿನದಲ್ಲಿ ಬರುತ್ತೇನೆ ಎಂದು ಅತ್ತೆ ಜೊತೆಗೆ ಹೋದರು. ಮಗನಿದ್ದೂ ಮಗಳ ಹತ್ತಿರ ಇರುವುದು ನಮ್ಮ ಕಡೆ ಮಂದಿಗೆ ಸರಿ ಕಾಣುವುದಿಲ್ಲ. ತಾಯಂದಿರು ಹಬ್ಬಕ್ಕೆ ಮಗಳ ಮನೆಗೆ ಹೋದರೂ ನಾಲ್ಕನೆಯ ದಿನಕ್ಕೆ ಹೊರಡುತ್ತಾರೆ. ಅತ್ತೆಯ ಎಂಟು ದಿನ ಹದಿನೈದಾಯಿತು. ಲಿಂಗಪೂಜೆಯ ಸಾಮಾನು ಕಳಿಸು ಎಂದು ಫೋನ್ ಬಂತು. ಆಮೇಲೆ ಚಳಿಯ ರಗ್ಗು. ಆಮೇಲೆ ಉಪ್ಪಿನಕಾಯಿಯ ಭರಣಿ. ನಮ್ಮವರು ಕೊಟ್ಟು ಬಂದು, "ಅವ್ವ ಇನ್ನ ಬರಂಗಿಲ್ಲ ಅನಸ್ತದ" ಎಂದು ನಕ್ಕರು. ಹೋದ ವಾರ ನಾನು ಹುಮನಾಬಾದಿಗೆ ಹೊರಟದ್ದೂ ಅವರಿಬ್ಬರನ್ನು ನೋಡಲಿಕ್ಕೇ.

ಹೋಗುವಾಗ ಭಾರತಿ ಆ ಕನ್ಸೋಲನ್ನು ನನಗೇ ಬಿಟ್ಟು ಹೋದಳು. ತಾನು ಪಗಾರವಾದ ಮೇಲೆ ಬೇರೆ ತೆಗೆದುಕೊಂಡಳು. ಭಾನುವಾರ ಮಧ್ಯಾಹ್ನ ಈಗಲೂ ಆಡುತ್ತೇವೆ. ಅವಳು ಹುಮನಾಬಾದಿನಲ್ಲಿ, ಶಬಾನಾ ಜಹೀರಾಬಾದಿನಲ್ಲಿ, ನಾನು ಬಸವಕಲ್ಯಾಣದಲ್ಲಿ. ನನ್ನ ಆಟ ಹೇಳಿಕೊಳ್ಳುವಂಥದ್ದಲ್ಲ. ಅಪ್‌ಡೇಟ್ ಬಂದರೆ ಅರ್ಧ ದಿನ ಅದಕ್ಕೇ ಹೋಗುತ್ತದೆ. ಹೊಸ ವೇಷ, ಹೊಸ ಬಂದೂಕು ಎಂದು ಬರುವುದು ಯಾವುದೂ ನನಗೆ ತಿಳಿಯುವುದಿಲ್ಲ. ಹುಲ್ಲಿನಲ್ಲಿ ಅಡಗಿ, ಅವರಿಬ್ಬರಿಗೆ ಕಂಡದ್ದನ್ನು ಹೇಳುವುದು ನನ್ನ ಕೆಲಸ. ಭಾರತಿ ಈಗ ಮೈಕ್ ಬಂದ್ ಮಾಡುವುದಿಲ್ಲ. ಯಾರಾದರೂ ರೊಟ್ಟಿ ಬಡಿ ಎಂದರೆ, "ಬಡದು ಬಂದೀನಿ, ನೀ ಉಂಡೇನು?" ಎಂದು ಕೇಳುತ್ತಾಳೆ.

ಮೊನ್ನೆಯ ಭಾನುವಾರವೂ ಹಾಗೇ ಆಡುತ್ತಿದ್ದೆವು. ಗೆರೆ ಸಣ್ಣದಾಗಿತ್ತು, ನಾವು ಮೂವರೂ ಒಂದು ಕೊಟ್ಟಿಗೆಯ ಹಿಂದೆ ಸದ್ದಿಲ್ಲದೆ ಕೂತಿದ್ದೆವು. ಹೆಡ್‌ಫೋನಿನಲ್ಲಿ ಯಾರ ಹೆಜ್ಜೆ ಬಂದೀತೆಂದು ಕಿವಿಗೊಟ್ಟಿದ್ದೆ. ಹೆಜ್ಜೆಯ ಬದಲು ಭಾರತಿಯ ಮೈಕಿನಿಂದ ಅವಳ ಮನೆಯ ಬಾಗಿಲು ತೆರೆದ ಸದ್ದು ಕೇಳಿತು. ಯಾರೋ ಗುರುತಿನವರು ಬಂದಿರಬೇಕು. ಬಸವಕಲ್ಯಾಣದಲ್ಲಿ ಕಾಣಿಸುವುದೇ ಇಲ್ಲ, ಎಲ್ಲಿ ಇರುತ್ತೀರಿ ಈಗ ಎಂದು ಕೇಳಿದರು. ಅತ್ತೆಯ ದನಿ ದೂರದಿಂದ, ಆದರೆ ಸ್ಪಷ್ಟವಾಗಿ ಬಂತು.

"ಇಲ್ಲೇ ಅದೀನ್ರಿ. ಮಗಳ ಮನ್ಯಾಗ. ಬರ್ರಿ ಒಳಗ, ಕುಂದರ್ರಿ."